‘ಫ್ಲೂ’: ಎರವಲಿನ ರೂಪ ಮತ್ತು ಅರ್ಥ

‘ಮಸುಕಾದ’ ಎಂಬರ್ಥದ ಫ್ರೆಂಚ್ ಗುಣವಾಚಕ ‘ಫ್ಲೂ’, ಛಾಯಾಗ್ರಹಣದ ಪರಿಭಾಷೆಯಾಗಿ ಇಟಾಲಿಯನ್, ತುರ್ಕಿ, ಪರ್ಷಿಯನ್, ಗ್ರೀಕ್ ಭಾಷೆಗಳಲ್ಲಿ ಬಳಕೆಯಲ್ಲಿದೆ. ಪದಾದಿಯ ವ್ಯಂಜನಗುಚ್ಛವನ್ನು ಒಪ್ಪದ ಪರ್ಷಿಯನ್, ನಡುವೆ ಸ್ವರ ಸೇರಿಸಿ ಅದನ್ನು ‘ಫೊಲು’ ಆಗಿಸಿಕೊಂಡಿತು. ಗ್ರೀಕ್ ಗುಣವಾಚಕಗಳು ಸಾಮಾನ್ಯವಾಗಿ ಲಿಂಗ, ವಚನ, ವಿಭಕ್ತಿಗಳಿಗೆ ಅನುಗುಣವಾಗಿ ರೂಪ ಬದಲಿಸುತ್ತವೆ. ಆದರೆ ‘ಫ್ಲು’ ಬದಲಾಗದು. ಫ್ರೆಂಚ್‌ನಲ್ಲಿ ಇದರ ಪುಲ್ಲಿಂಗ, ಸ್ತ್ರೀಲಿಂಗ ರೂಪಗಳ ಉಚ್ಚಾರಣೆ ಒಂದೇ ಆಗಿರುವುದೇ ಇದಕ್ಕೆ ಕಾರಣವೆನ್ನಲಾಗದು: ಫ್ರೆಂಚ್‌ನಲ್ಲಿ ‘ಗ್ರಿ’, ‘ಗ್ರೀಜ್’ ಎಂದು ಲಿಂಗಾನುಸಾರ ಭಿನ್ನವಾಗಿ ಕೇಳಿಸುವ ಬೂದುಬಣ್ಣದ ಪದವೂ ಗ್ರೀಕ್‌ನಲ್ಲಿ ಅವ್ಯಯದಂತೆಯೇ ಉಳಿದಿದೆ. ಇಲ್ಲಿ ನಿರ್ಣಾಯಕವಾದುದು ಸ್ವೀಕರಿಸುವ ಭಾಷೆಯ ವ್ಯವಸ್ಥೆ. ‘ಅಸ್ಪಷ್ಟ’ ಎಂಬ ರೂಪಕಾರ್ಥವೂ ಗ್ರೀಕ್‌ನಲ್ಲೇ ಬೆಳೆಯಿತೇ? ‘ಫ್ಲೂ ಆರ್ತಿಸ್ತಿಕ್’ (ಉದ್ದೇಶಪೂರ್ವಕ ಅಸ್ಪಷ್ಟತೆ) ಎಂಬ ಇಡೀ ನುಡಿಗಟ್ಟೇ ಗ್ರೀಕ್‌ಗೆ ಬಂದಿರುವುದರಿಂದ ರೂಪಕವೂ ಎರವಲೆಂದು ತೋರುತ್ತದೆ. ಆದ್ದರಿಂದ ಎರವಲಿನ ರೂಪ, ಅರ್ಥಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.