ಚರ್ಮಗಂಟು ರೋಗವೂ ವೈರಸಿನ ಡಿ.ಎನ್.ಎ. ತಂತುವೂ

ದನಕರುಗಳ ಮೈಮೇಲೆ ಗಂಟುಗಳನ್ನೆಬ್ಬಿಸುವ ಚರ್ಮಗಂಟು ರೋಗವು 1929ರಲ್ಲಿ ಆಫ್ರಿಕಾ ಖಂಡದ ಈಗಿನ ಜಾಂಬಿಯಾ ದೇಶದಲ್ಲಿ ಮೊದಲು ಗುರುತಿಸಲ್ಪಟ್ಟಿತು. ನಮ್ಮ ದೇಶದಲ್ಲಿ ಅದು 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು, 2022ರಲ್ಲಿ ಗುಜರಾತ್, ರಾಜಸ್ಥಾನ, ಕರ್ನಾಟಕ ಮೊದಲಾದ ಸೀಮೆಗಳಲ್ಲಿ ಹಬ್ಬಿ, ಅನೇಕ ರೈತರ ಉಳುವ ಎತ್ತುಗಳನ್ನೂ ಕರೆಯುವ ಹಸುಗಳನ್ನೂ ಬಲಿ ತೆಗೆದುಕೊಂಡಿತು. ಈ ಜಾಡ್ಯವನ್ನು ನೇರವಾಗಿ ಗುಣಪಡಿಸುವ ಔಷಧವೇಕಿಲ್ಲ, ಆಡಿನ ಸಿಡುಬಿಗಾಗಿ ಮಾಡಿದ ಲಸಿಕೆಯನ್ನು ಹಸುವಿಗೆ ಹಾಕುವುದೇಕೆ ಎಂದು ಗ್ರಾಮಸ್ಥರು ಕೇಳುವುದುಂಟು. ಇವೆರಡಕ್ಕೂ ಉತ್ತರವು ವೈರಸಿನ ಒಡಲಲ್ಲಿರುವ ಡಿ.ಎನ್.ಎ. ಎಂಬ ಪದಾರ್ಥದಲ್ಲಿ ಅಡಗಿದೆ.

ವೈರಸು ತಾನಾಗಿ ಉಣ್ಣಲಾರದು, ಬೆಳೆಯಲಾರದು. ಅದು ಹೊರಗೊಂದು ಕವಚವೂ ಒಳಗೊಂದು ಸೂಕ್ಷ್ಮ ತಂತುವೂ ಉಳ್ಳ ಕಣವಷ್ಟೆ. ರೋಗಕ್ಕೆ ಮೂಲವು ಕವಚವೋ ತಂತುವೋ ಎಂಬ ಸಂದೇಹವನ್ನು ಅಮೆರಿಕದ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಎಂಬ ವಿಜ್ಞಾನಿಗಳು 1952ರಲ್ಲಿ ಬಹುಮಟ್ಟಿಗೆ ಬಗೆಹರಿಸಿದರು. ಅವರು ಬ್ಯಾಕ್ಟೀರಿಯಾಗಳಿಗೆ ತಗಲುವ ಒಂದು ವೈರಸನ್ನು ಆರಿಸಿಕೊಂಡು, ಅದರ ಕವಚಕ್ಕೆ ವಿಕಿರಣಶೀಲ ಗಂಧಕದಿಂದಲೂ ಡಿ.ಎನ್.ಎ.ಗೆ ವಿಕಿರಣಶೀಲ ರಂಜಕದಿಂದಲೂ ಗುರುತು ಹಾಕಿದರು. ವೈರಸು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡ ಬಳಿಕ, ಅಡುಗೆಮನೆಯಲ್ಲಿ ಬಳಸುವಂಥ ಕಡೆಯುವ ಯಂತ್ರದಲ್ಲಿ ಕಡೆದು ಹೊರಗಿನ ಕವಚಗಳನ್ನು ಬೇರ್ಪಡಿಸಿದರು. ಗಂಧಕದ ಹೆಚ್ಚಿನ ಭಾಗವು ಹೊರಗೇ ಉಳಿದಿತ್ತು. ರಂಜಕದ ಹೆಚ್ಚಿನ ಭಾಗವು ಒಳಹೊಕ್ಕಿತ್ತು. ಹೊಸ ವೈರಸುಗಳನ್ನು ಹುಟ್ಟಿಸುವ ಶಕ್ತಿಯು ಡಿ.ಎನ್.ಎ.ಯದೆಂದು ಇದರಿಂದ ಮನಗಾಣಲಾಯಿತು.

ಚರ್ಮಗಂಟು ರೋಗದ ವೈರಸು ಸಿಡುಬಿನ ಕುಲಕ್ಕೆ ಸೇರಿದುದು. ಅದರ ಡಿ.ಎನ್.ಎ.ಯು ಸುಮಾರು 1,51,000 ಅಕ್ಷರಜೋಡಿಗಳುಳ್ಳ ಒಂದು ಬರಹವಿದ್ದಂತೆ. ಕಣವು ದನದ ಜೀವಕೋಶವನ್ನು ಹೊಕ್ಕೊಡನೆ, ಈ ಬರಹವನ್ನು ಓದತೊಡಗುವುದಕ್ಕೆ ಬೇಕಾದ ಸಾಧನಗಳನ್ನು ತಾನೇ ಹೊತ್ತು ತಂದಿರುತ್ತದೆ. ಅನಂತರ ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಕಾಗೆಯಿಂದಲೇ ಮರಿಯನ್ನು ಸಾಕಿಸುವಂತೆ, ಜೀವಕೋಶದ ಆಹಾರವನ್ನೂ ಶ್ರಮವನ್ನೂ ಬಳಸಿಕೊಂಡು ಹೊಸ ವೈರಸುಗಳು ಸಿದ್ಧವಾಗುತ್ತವೆ. ಹೀಗೆ ಶತ್ರುವು ದನದ ಸ್ವಂತ ಜೀವಕೋಶದೊಳಗೇ ಕುಳಿತು ಕೆಲಸ ಮಾಡುವುದರಿಂದ, ದನಕ್ಕೆ ಹಾನಿಮಾಡದೆ ಅದನ್ನು ಮಾತ್ರ ಕೊಲ್ಲುವ ಔಷಧವು ದುರ್ಲಭ. ಪಶುವೈದ್ಯರು ಕೊಡುವ ಆ್ಯಂಟಿಬಯೋಟಿಕ್ ಮದ್ದು ಒಡೆದ ಗಂಟಿನಲ್ಲಿ ಸೇರುವ ಬ್ಯಾಕ್ಟೀರಿಯಾಗಳನ್ನು ತಡೆಯುವುದೇ ಹೊರತು ವೈರಸನ್ನಲ್ಲ.

ಆದಕಾರಣ ರೋಗವು ತಗಲುವ ಮೊದಲೇ ರಕ್ಷಣೆಯನ್ನು ಒದಗಿಸತಕ್ಕದ್ದು. ಆಡಿನ ಸಿಡುಬಿನ ವೈರಸಿನ ಡಿ.ಎನ್.ಎ.ಯನ್ನು ಈ ವೈರಸಿನದರೊಡನೆ ಹೋಲಿಸಿದಾಗ ನೂರಕ್ಕೆ ಸುಮಾರು 96 ಪಾಲು ಒಂದೇ ಆಗಿರುವುದು ಕಂಡುಬಂದಿದೆ. ಈ ದಾಯಾದಿತನದಿಂದಲೇ ಆಡಿನ ಲಸಿಕೆಯು ದನಕ್ಕೂ ರಕ್ಷಣೆ ನೀಡುತ್ತದೆ. ಈ ರೋಗಕ್ಕೆಂದೇ ಹಿಸಾರ್ ಮತ್ತು ಇಜ್ಜತ್‌ನಗರದ ಸಂಶೋಧನಾಲಯಗಳು ರೂಪಿಸಿದ ಸ್ವದೇಶೀ ಲಸಿಕೆಯು 2022ರ ಆಗಸ್ಟ್ 10ರಂದು ಲೋಕಾರ್ಪಣೆಯಾಯಿತು. ಲಸಿಕೆಯ ಫಲವು ಪೂರ್ಣವಾಗಿ ದೊರೆಯಲು ಸುಮಾರು 3 ವಾರಗಳು ಹಿಡಿಯುವುದರಿಂದ, ಪಕ್ಕದ ಊರಿಗೆ ರೋಗ ಬರುವ ತನಕ ಕಾಯುವುದು ಅವಿವೇಕ.

ಉದುರಿದ ಒಣ ಹೊಪ್ಪಳೆಯಲ್ಲಿಯೂ ಈ ವೈರಸು ಒಂದು ತಿಂಗಳಿಗಿಂತ ಹೆಚ್ಚು ಕಾಲ ಜೀವಂತವಾಗಿರಬಲ್ಲದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ದನದಿಂದ ದನಕ್ಕೆ ಒಯ್ಯುತ್ತವೆ. ದೂರದ ಊರಿಗಾದರೋ ಅದನ್ನು ಮನುಷ್ಯನೇ ಒಯ್ಯುತ್ತಾನೆ. ಜ್ವರ ಬಂದು ಹಾಲು ಇಳಿದ ಹಸುವನ್ನು, ಗಂಟು ಎದ್ದು ಕಾಣುವುದಕ್ಕೆ ಮುಂಚೆ ಸಂತೆಗೆ ಹೊಡೆದು ಮಾರುವವನು ತನ್ನ ನಷ್ಟವನ್ನು ಹತ್ತು ಮನೆಗಳಿಗೆ ಹಂಚುತ್ತಾನೆ. ಅಂಥ ದನವನ್ನು ಬೇರೆ ಕಟ್ಟಿ, ಕೊಟ್ಟಿಗೆಯನ್ನು ಶುಚಿಮಾಡಿ, ಪಶುವೈದ್ಯರಿಗೆ ತಿಳಿಸಬೇಕು. ಹೊಪ್ಪಳೆಯ ಚೂರೊಂದರಿಂದ ವೈರಸಿನ ಡಿ.ಎನ್.ಎ.ಯನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚಿ ರೋಗವನ್ನು ನಿಶ್ಚಯಿಸಬಹುದು.

ಸಾಂಕ್ರಾಮಿಕ ಪಶುರೋಗಗಳನ್ನು ಕುರಿತ 2009ರ ಕಾಯಿದೆಯ ಮೇರೆಗೆ, ಅನುಸೂಚಿತ ರೋಗದ ಶಂಕೆಯಿದ್ದಲ್ಲಿ ದನದ ಒಡೆಯನು ಗ್ರಾಮಾಧಿಕಾರಿಗಾಗಲಿ ಪಂಚಾಯತಿಗಾಗಲಿ ವರದಿ ಮಾಡತಕ್ಕದ್ದು. ಮರೆಮಾಚಿದರೆ ತನಗೆ ಅಪಮಾನ ತಪ್ಪೀತೆಂದು ಬಗೆಯುವ ಬಡ ರೈತನಿಗೆ ಧೈರ್ಯ ಹೇಳಿ, ಮೊದಲು ತಮ್ಮ ಸ್ವಂತ ಕೊಟ್ಟಿಗೆಯ ಸುದ್ದಿಯನ್ನೇ ತಿಳಿಸಿ ಮಾದರಿಯಾಗುವ ಗ್ರಾಮ ಮುಖಂಡರಿಂದ ಊರಿನ ಗೋಸಂಪತ್ತು ಉಳಿಯುವುದು.