ಬಾಗಿಲಿಗೆ ಬರುವವರು ಯಾಕೆ ಬರುತ್ತಾರೆ?

"ಟೀಚರೇ, ಬೇಜಾರು ಮಾಡ್ಬೇಡಿ. ನಿಮ್ಮವರು ಯಾಕೆ ಹೀಗೆ ಮನೆ ಮನೆಗೆ ಬರ್ತಾರೆ? ನಮಗೆ ನಮ್ಮ ದೇವರಿದ್ದಾನಲ್ಲ?"

ನೆರೆಮನೆಯ ಅಕ್ಕ ಕೇಳಿದ ಪ್ರಶ್ನೆ ಇದು. ಹಿಂದಿನ ದಿನ ಇಬ್ಬರು ಹುಡುಗರು ಅವರ ಗೇಟಿನ ಹತ್ತಿರ ನಿಂತು ಕರಪತ್ರ ಕೊಟ್ಟು, ಅವರ ಯಜಮಾನರ ಮಂಡಿನೋವಿಗಾಗಿ ಪ್ರಾರ್ಥನೆ ಮಾಡಲೇ ಎಂದು ಕೇಳಿ ಹೋಗಿದ್ದರು. ಆ ಹುಡುಗರು ನಮ್ಮ ಸಭೆಯವರಲ್ಲ, ನಮ್ಮ ಊರಿನವರೂ ಅಲ್ಲ. ಆದರೆ ಅಕ್ಕನಿಗೆ ಎಲ್ಲ ಕ್ರೈಸ್ತರೂ ಒಂದೇ. ಅವರು ಕೋಪದಿಂದ ಕೇಳಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಕರ್ತವ್ಯ ಎಂದು ನನಗೆ ಅನಿಸಿದೆ, ಏಕೆಂದರೆ ನಾನು ಹುಟ್ಟಿದ್ದೇ ಮತಾಂತರವಾದ ಮನೆತನದಲ್ಲಿ. ನನ್ನ ಮುತ್ತಜ್ಜ ಬಿಲ್ಲವರು, ಮೂರ್ತೆ ಅಂದರೆ ಕಳ್ಳು ಇಳಿಸುವ ಕೆಲಸ ಮಾಡುತ್ತಿದ್ದವರು. ಅವರು ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದರು.

ಮೊದಲು ನಂಬಿಕೆಯ ವಿಷಯ. ಮನುಷ್ಯನು ಪಾಪದಲ್ಲಿದ್ದಾನೆ, ತನ್ನ ಪುಣ್ಯದಿಂದ ಅದರಿಂದ ಹೊರಬರಲಾರ, ಯೇಸು ಶಿಲುಬೆಯಲ್ಲಿ ಆ ಸಾಲ ತೀರಿಸಿದ್ದಾನೆ, ಅದನ್ನು ನಂಬಿ ಸ್ವೀಕರಿಸಿದವನಿಗೆ ರಕ್ಷಣೆ. ಇದು ಕ್ರೈಸ್ತ ಬೋಧನೆಯ ತಿರುಳು. ಪುನರುತ್ಥಾನದ ನಂತರ ಯೇಸು ಶಿಷ್ಯರಿಗೆ ಎಲ್ಲ ಜನಾಂಗಗಳ ಬಳಿಗೆ ಹೋಗಿ ಅವರನ್ನೂ ಶಿಷ್ಯರನ್ನಾಗಿ ಮಾಡಿರಿ ಎಂದು ಅಪ್ಪಣೆ ಕೊಟ್ಟನೆಂದು ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಇವೆರಡನ್ನೂ ಅಕ್ಷರಶಃ ನಂಬಿದವನ ಸ್ಥಿತಿ ಹೇಗಿರುತ್ತದೆ ನೋಡಿ. ಅವನ ಕಣ್ಣಿಗೆ ಪಕ್ಕದ ಮನೆಯವರು ಬೆಂಕಿ ಬಿದ್ದ ಮನೆಯೊಳಗೆ ಮಲಗಿ ನಿದ್ರಿಸುತ್ತಿದ್ದಾರೆ. ಕದ ತಟ್ಟಿದರೆ ನಿದ್ದೆ ಕೆಡುತ್ತದೆ, ಬೈಗುಳ ತಿನ್ನಬೇಕಾಗುತ್ತದೆ. ಆದರೂ ತಟ್ಟದೆ ಹೋದರೆ ತಾನು ಎಂಥ ಮನುಷ್ಯ ಎಂದು ಅವನು ಕೇಳಿಕೊಳ್ಳುತ್ತಾನೆ.

ಒಳಗಿದ್ದವರಿಗೆ ಮಾತ್ರ ಬೆಂಕಿ ಕಾಣುವುದಿಲ್ಲ. ದೇವರನ್ನು ಮುಟ್ಟಲು ದಾರಿ ಹಲವು ಎಂದು ನಂಬಿ ಬೆಳೆದ ನನ್ನ ನೆರೆಯವರಿಗೆ ಇದು ಅಹಂಕಾರವಾಗಿ, ಅವಮಾನವಾಗಿ ಕೇಳಿಸುತ್ತದೆ. ಅವರಿಗೆ ಹಾಗೆ ಕೇಳಿಸುವುದರಲ್ಲಿ ತಪ್ಪೇನೂ ಇಲ್ಲ.

ಇಷ್ಟಕ್ಕೂ ಯೇಸುವಿನ ಆ ಅಪ್ಪಣೆಯ ವಾಕ್ಯ ಎಲ್ಲ ಕ್ರೈಸ್ತರ ಬೈಬಲಿನಲ್ಲೂ ಇದೆ, ಬಾಗಿಲು ತಟ್ಟುವವರು ಕೆಲವರೇ. ಕೇರಳದ ಸುರಿಯಾನಿ ಕ್ರೈಸ್ತರು ತಮ್ಮ ಪರಂಪರೆಯನ್ನು ಸಂತ ತೋಮಸರವರೆಗೆ ಒಯ್ಯುತ್ತಾರೆ. ಅಷ್ಟು ಹಳೆಯ ಸಮುದಾಯ ನೂರಾರು ವರ್ಷ ನೆರೆಯವರನ್ನು ಕರೆಯಲು ಹೋಗದೆ, ತನ್ನ ಪಾಡಿಗೆ ತಾನು ಪೂಜೆ ಮಾಡಿಕೊಂಡು ಇತ್ತು. ಯುರೋಪಿನ ಪ್ರೊಟೆಸ್ಟೆಂಟರೂ ಸುಧಾರಣೆಯ ನಂತರ ಬಹಳ ಕಾಲ, ಆ ಅಪ್ಪಣೆ ಮೊದಲಿನ ಅಪೊಸ್ತಲರಿಗೆ ಕೊಟ್ಟದ್ದು, ಅವರ ಕಾಲಕ್ಕೆ ಮುಗಿಯಿತು ಎಂದೇ ತಿಳಿದಿದ್ದರು. 1706ರಲ್ಲಿ ತರಂಗಂಬಾಡಿಗೆ ಬಂದ ಝೀಗೆನ್‌ಬಾಲ್ಗ್‌ನಂಥವರು ವಿರಳ. 1792ರಲ್ಲಿ ಇಂಗ್ಲೆಂಡಿನ ವಿಲಿಯಂ ಕೇರಿ ಒಂದು ಪುಸ್ತಿಕೆ ಬರೆದು, ಆ ಅಪ್ಪಣೆ ಇಂದಿಗೂ ಪ್ರತಿಯೊಬ್ಬ ವಿಶ್ವಾಸಿಯ ಮೇಲಿದೆ ಎಂದು ವಾದಿಸಿದ. ಆತ ಚಮ್ಮಾರಿಕೆ ಮಾಡಿಕೊಂಡು ಓದಿದವ. ಮರುವರ್ಷವೇ ಬಂಗಾಳಕ್ಕೆ ಹೊರಟ. ನಾವು ಇಂದು ಮಿಶನರಿ ಎಂದಾಗ ಮನಸ್ಸಿಗೆ ಬರುವ ಚಿತ್ರದ ವಯಸ್ಸು ಹೆಚ್ಚುಕಡಿಮೆ ಅಷ್ಟೇ.

ನಮ್ಮ ಮಂಗಳೂರಿಗೆ ಬಂದವರ ಕಥೆ ಇನ್ನೂ ಒಂದು ಕಾರಣ ತೋರಿಸುತ್ತದೆ. ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದರೂ ಅದಕ್ಕೆ ಜನ ಕೊಟ್ಟದ್ದು ಹೆಚ್ಚಾಗಿ ಪಕ್ಕದ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆ. ಅಲ್ಲಿ ಪೈಟಿಸ್ಟರು ಎಂಬ ಭಕ್ತರ ಗುಂಪುಗಳಿದ್ದವು. ಚರ್ಚಿಗೆ ಹೋಗಿಬಂದರೆ ಸಾಲದು, ಒಬ್ಬೊಬ್ಬನ ಹೃದಯವೂ ತಿರುಗಬೇಕು ಎನ್ನುವವರು. ಅವರು ಗುರುವೆಂದು ಗೌರವಿಸುತ್ತಿದ್ದ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ ಎಂಬ ಹದಿನೆಂಟನೆಯ ಶತಮಾನದ ಪಂಡಿತರು ಪ್ರಕಟನೆ ಗ್ರಂಥದ ಅಂಕಿಗಳನ್ನು ಲೆಕ್ಕ ಹಾಕಿ, 1836ರಲ್ಲಿ ಕ್ರಿಸ್ತನ ಸಾವಿರ ವರ್ಷಗಳ ರಾಜ್ಯ ತೊಡಗುತ್ತದೆ ಎಂದು ಹೇಳಿಬಿಟ್ಟಿದ್ದರು. ಅಂತ್ಯ ಬರುವ ಮೊದಲು ಸುವಾರ್ತೆ ಎಲ್ಲ ಜನಾಂಗಗಳಿಗೂ ಮುಟ್ಟಬೇಕೆಂದು ಶಾಸ್ತ್ರ ಹೇಳುತ್ತದೆ. ಅಂದರೆ ಹೊತ್ತು ಸ್ವಲ್ಪವೇ ಇದೆ, ಕೆಲಸ ಬಹಳ ಇದೆ. 1836 ಬಂದು ಹೋಯಿತು, ಲೋಕ ಹಾಗೆಯೇ ಇತ್ತು. ಆದರೆ ಆ ಅವಸರ ಅವರ ಮನೆಮಕ್ಕಳ ರಕ್ತದಲ್ಲಿ ಸೇರಿಹೋಗಿತ್ತು.

ಆಂಗ್ಲೇತರ ಮಿಶನರಿಗಳಿಗೆ ಭಾರತದಲ್ಲಿ ನೆಲೆಸಲು 1833ರ ಚಾರ್ಟರ್ ಕಾಯ್ದೆ ದಾರಿ ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. ಅವರ ಖರ್ಚಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ಈಗಲೂ ಕೇಳಿಬರುತ್ತದೆ. ಸ್ಥಿತಿವಂತ ವ್ಯಾಪಾರಿಗಳು ಕೊಟ್ಟರು, ಬಡವರೂ ಕೊಟ್ಟರು. 1855ರಿಂದ ಅವರ ಹಳ್ಳಿಗಳಲ್ಲಿ ಅರ್ಧ ಬಾಟ್ಸೆನ್ ಎಂಬ ಪುಡಿಕಾಸನ್ನು ಮನೆ ಮನೆಯಿಂದ ವಾರ ವಾರ ಎತ್ತುವ ಪದ್ಧತಿ ಬಂತು. ತಾವು ಎಂದೂ ನೋಡದ, ಹೆಸರು ಉಚ್ಚರಿಸಲೂ ಬಾರದ ಊರಿನ ಜನರ ಆತ್ಮಕ್ಕಾಗಿ ಹಳ್ಳಿಯ ಹೆಂಗಸರು ಆ ಕಾಸು ತೆಗೆದಿಟ್ಟರು. ಮತಾಂತರವೆಂದರೆ ಸಂಖ್ಯೆ ಹೆಚ್ಚಿಸುವ ವ್ಯವಹಾರ ಅಷ್ಟೇ ಎನ್ನುವವರು ಆ ಹೆಂಗಸರನ್ನು ಮರೆಯುತ್ತಾರೆ.

ಈ ಪ್ರೀತಿಯಿಂದ ಕನ್ನಡಕ್ಕೆ ಆದ ಲಾಭ ಎಲ್ಲರೂ ಬಲ್ಲರು. ಅದೇ ಮಿಶನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು, ದಾಸರ ಪದಗಳನ್ನೂ ಬಸವಪುರಾಣವನ್ನೂ ಬಲ್ಮಠದ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಅದೇ ಮಿಶನ್ನಿನ ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಬಂತು. ಅವರನ್ನು ಕೊಂಡಾಡುವಾಗ ಅವರು ಯಾಕೆ ಬಂದಿದ್ದರು ಎಂಬುದನ್ನು ನಾವು ಮೆಲ್ಲಗೆ ಬದಿಗೆ ಸರಿಸುತ್ತೇವೆ. ಅದು ಸರಿಯಲ್ಲ. ಈ ಜನರ ಮನಸ್ಸಿಗೆ ಮುಟ್ಟುವಂತೆ ಯೇಸುವಿನ ವಿಷಯ ಹೇಳಬೇಕಾದರೆ ಇವರ ಪದ್ಯ, ಗಾದೆ, ಛಂದಸ್ಸು ಗೊತ್ತಿರಬೇಕು ಎಂಬ ಹಟವೇ ಅವರನ್ನು ಕನ್ನಡದೊಳಗೆ ಇಳಿಸಿದ್ದು. ಕಿಟೆಲರು 1862ರಲ್ಲಿ ಯೇಸುವಿನ ಕಥೆಯನ್ನೇ ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಕಟ್ಟಿದರು.

ಅದೇ ಪ್ರೀತಿಯಿಂದ ಆದ ಗಾಯವನ್ನೂ ಹೇಳಬೇಕು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಕಲಿಯುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರು 1844ರಲ್ಲಿ ಇಬ್ಬರು ಜೊತೆಗಾರರೊಂದಿಗೆ ದೀಕ್ಷಾಸ್ನಾನ ಪಡೆದಾಗ ಊರೇ ಹೊತ್ತಿ ಉರಿಯಿತು. ಹತ್ತೊಂಬತ್ತರ ಆಸುಪಾಸಿನ ಹುಡುಗ. ಆ ಕಾಲದಲ್ಲಿ ಅದು ಒಬ್ಬನು ನಂಬಿಕೆ ಬದಲಿಸಿದಷ್ಟಕ್ಕೆ ಮುಗಿಯುವಂಥದಲ್ಲ. ಮನೆ, ಜಾತಿ, ಬಂಧುಬಳಗ ಎಲ್ಲ ಒಂದೇ ದಿನ ಕಡಿದುಹೋಗುತ್ತದೆ. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿ ಜೀವನವೆಲ್ಲ ಇಲ್ಲೇ ದುಡಿದರು. ಅವರು ಮನಃಪೂರ್ವಕ ನಂಬಿದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರ ಹೆತ್ತವರನ್ನು ನೆನೆದಾಗ ನನ್ನ ಎದೆ ಭಾರವಾಗುತ್ತದೆ. ಆತ್ಮವೊಂದು ಉಳಿಯಿತೆಂದು ಒಂದು ಕಡೆ ಸ್ತೋತ್ರಗೀತೆ, ಇನ್ನೊಂದು ಕಡೆ ಮಗ ಸತ್ತಷ್ಟೇ ದುಃಖ.

ನನ್ನ ಮುತ್ತಜ್ಜನ ವಿಷಯದಲ್ಲಿ ಕಡಿದುಹೋದದ್ದು ಹೊಟ್ಟೆಪಾಡು ಕೂಡ. ಕಳ್ಳು ಇಳಿಸುವ ಕೆಲಸ ವಿಶ್ವಾಸಿಗೆ ಸಲ್ಲದು ಎಂದಿತು ಮಿಶನ್. ತಾಳೆಮರ ಹತ್ತುವುದು ಬಿಟ್ಟರೆ ಉಣ್ಣುವುದೇನು? ಹೀಗೆ ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಬೇಕಾಗಿ ಬಂದದ್ದರಿಂದಲೇ ಮಿಶನ್ ನೇಯ್ಗೆಗೆ, ಹಂಚಿಗೆ ಕೈಹಾಕಿತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೊಡಗಿದರು. ಮುತ್ತಜ್ಜ ಅಲ್ಲಿ ಆವೆಮಣ್ಣು ತುಳಿಯುವ ಕೆಲಸಕ್ಕೆ ಸೇರಿದರಂತೆ. ನಮ್ಮ ಹಳೆಯ ಮನೆ ಕೆಡವಿದಾಗ ಒಂದು ಹಂಚು ಎತ್ತಿಟ್ಟುಕೊಂಡಿದ್ದೇನೆ. ಮಗುಚಿ ಹಿಡಿದರೆ ಬೆನ್ನ ಮೇಲೆ ಬಾಸೆಲ್ ಮಿಶನ್ನಿನ ಹೆಸರು, 1865 ಎಂಬ ಇಸವಿ, ಉಬ್ಬು ಅಕ್ಷರದಲ್ಲಿ. ಅದರ ಒಂದು ಮೂಲೆಯಲ್ಲಿ, ಹಸಿ ಇದ್ದಾಗ ಯಾರದೋ ಹೆಬ್ಬೆರಳು ಊರಿದ ಗುಳಿ.

ಹಾಗಾದರೆ ಅವರು ಕೆಲಸದ ಆಸೆಗೆ ಮತಾಂತರವಾದರೇ? ಈ ಪ್ರಶ್ನೆಯನ್ನು ನಾನು ನನ್ನ ಅಜ್ಜಿಯನ್ನೇ ಕೇಳಿದ್ದೆ. ಅಜ್ಜಿ ಹೇಳಿದ್ದು: "ಸಂಬಳಕ್ಕಿಂತ ಮೊದಲು ಅವರನ್ನು ಬೆಂಚಿನ ಮೇಲೆ ಕೂರಿಸಿದ್ದರು ಮಗಾ." ಆಗ ಬಿಲ್ಲವರಿಗೆ ದೊಡ್ಡ ದೇವಸ್ಥಾನಗಳೊಳಗೆ ಪ್ರವೇಶವಿರಲಿಲ್ಲ. ಓದು ಕಲಿಸುವವರಿರಲಿಲ್ಲ. ಹೇಳುವವನ ಕಾರಣ ಒಂದಾದರೆ ಕೇಳುವವನ ಕಾರಣ ಇನ್ನೊಂದು ಇರಬಹುದು. ಗೌರವ, ಅಕ್ಷರ, ಅನ್ನ, ನಂಬಿಕೆ ಇವನ್ನೆಲ್ಲ ಬೇರೆ ಬೇರೆ ಮಾಡಿ ತೂಗಲು ನನ್ನಿಂದ ಆಗುವುದಿಲ್ಲ. ಆದರೆ ಮುತ್ತಜ್ಜ ಮತಾಂತರವಾಗಿ ಹೋದ ಮೇಲೆ ಅವರ ಅಣ್ಣ ಕುಟುಂಬದ ಮನೆಯಲ್ಲೇ ಉಳಿದರು, ದೈವಗಳನ್ನು ನಂಬಿಕೊಂಡೇ ಬಂದರು. ದೈವಗಳೆಂದರೆ ಸೈತಾನನ ಕೆಲಸ ಎಂದು ಕಲಿಸಿಕೊಂಡ ನಮ್ಮ ಹಿರಿಯರು ಅಲ್ಲಿನ ದೈವದ ಉತ್ಸವವಾದ ನೇಮಕ್ಕೆ ಕಾಲಿಡಲಿಲ್ಲ. ಎರಡು ತಲೆಮಾರು ಮಾತಿರಲಿಲ್ಲ. ಈಗ ನೇಮದ ಆಮಂತ್ರಣ ನಮ್ಮ ಮನೆಗೂ ಬರುತ್ತದೆ. ನಾನು ಹೋಗುತ್ತೇನೆ, ಊಟ ಮಾಡಿ ಬರುತ್ತೇನೆ.

ಇನ್ನು ಈ ಕಾಲದವರ ವಿಷಯ. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಹೊಸ ಸಭೆಯೊಂದಕ್ಕೆ ಸೇರಿದ್ದಾನೆ. ಇಂಥ ಹೆಚ್ಚಿನ ಸಭೆಗಳ ಬೇರು ಇಪ್ಪತ್ತನೆಯ ಶತಮಾನದ ಆರಂಭದ ಪೆಂತೆಕೊಸ್ತ್ ಚಳವಳಿಯಲ್ಲಿದೆ. 1906ರಲ್ಲಿ ಲಾಸ್ ಏಂಜಲೀಸಿನ ಅಝೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಎಂಬ ಕಪ್ಪು ಜನಾಂಗದ ಬೋಧಕರು ನಡೆಸಿದ ಕೂಟಗಳು ಅದಕ್ಕೆ ದೊಡ್ಡ ತಿರುವು. ಅಲ್ಲಿ ಒತ್ತು ಪವಿತ್ರಾತ್ಮನ ಅನುಭವಕ್ಕೆ, ರೋಗ ವಾಸಿಗೆ, ಸಾಕ್ಷಿ ಹೇಳುವುದಕ್ಕೆ. ಹುಡುಗನು ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡಿದ್ದ. ಆ ಸಭೆಯವರು ಅವನನ್ನು ಕೈಬಿಡಲಿಲ್ಲ. ಇಂದು ಅವನು ಕುಡಿಯುವುದಿಲ್ಲ. ತನಗೆ ಸಿಕ್ಕಿದ್ದನ್ನು ಬೇರೆಯವರಿಗೆ ಹೇಳದೆ ಇರುವುದು ಅವನಿಗೆ ಸಾಧ್ಯವೇ ಇಲ್ಲ.

ನಮ್ಮ ಮನೆಗೆ ಬಂದಾಗ ಬೆಳಗಿನ ಜಾವ ಎದ್ದು ಒಂದು ಸಣ್ಣ ಡೈರಿ ಬಿಡಿಸಿ ಪ್ರಾರ್ಥಿಸುತ್ತಾನೆ. ಅದರಲ್ಲಿ ಇನ್ನೂ ರಕ್ಷಣೆ ಹೊಂದದವರ ಹೆಸರುಗಳಿವೆ. ಆಫೀಸಿನವರು, ಓನರ್ ಅಂಕಲ್, ಹಾಲಿನವನು. ಒಂದು ದಿನ ಅವನೇ ತೋರಿಸಿದ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. "ಅತ್ತೆ, ನೀವು ಚರ್ಚಿಗೆ ಹೋಗ್ತೀರಿ ಅಷ್ಟೇ. ಹೊಸದಾಗಿ ಹುಟ್ಟಿಲ್ಲ," ಎಂದ, ಕಣ್ಣಲ್ಲಿ ನೀರು ತಂದುಕೊಂಡು. ನಾಲ್ಕನೆಯ ತಲೆಮಾರಿನ ಕ್ರೈಸ್ತಳಾದ ನನಗಾಗಿ ಅವನು ಅಳುತ್ತಿದ್ದ. ನನಗೆ ನೋವಾಯಿತು. ನೆರೆಮನೆಯ ಅಕ್ಕನಿಗೆ ಏನನಿಸಿರಬೇಕು ಎಂದು ಆಗ ಪೂರ್ತಿ ತಿಳಿಯಿತು. ಜೊತೆಗೆ, ಅವನಿಗೆ ಹಿಂದೂಗಳ ಮೇಲೆ ದ್ವೇಷವಿಲ್ಲ ಎಂಬುದೂ ತಿಳಿಯಿತು. ತನ್ನ ಅನುಭವದ ಹೊರಗಿರುವ ಎಲ್ಲರ ಬಗ್ಗೆಯೂ ಅವನಿಗೆ ಭಯ.

ಭಯವೂ ಪ್ರೀತಿಯೂ ಹೀಗೆ ಕಲಸಿದ ಕಡೆ ಮಿತಿ ಬೇಕು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರ ಮಾಡುವ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಎಂದಿತು. ಕ್ರೈಸ್ತರೊಳಗೂ ಈ ಯೋಚನೆ ನಡೆದಿದೆ. ಕ್ಯಾಥೊಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂದು ಸಾರಿತು. 2011ರಲ್ಲಿ ವ್ಯಾಟಿಕನ್, ವಿಶ್ವ ಸಭೆಗಳ ಒಕ್ಕೂಟ, ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಒಂದು ನಡವಳಿಕೆಯ ಸೂತ್ರ ಹೊರಡಿಸಿದವು. ಸಾಕ್ಷಿ ಹೇಳುವುದು ಕ್ರೈಸ್ತನ ಕರ್ತವ್ಯ, ಆದರೆ ಹಣದ ಆಮಿಷ, ವಂಚನೆ, ಬಲವಂತ ಸುವಾರ್ತೆಗೇ ದ್ರೋಹ ಎಂಬುದು ಅದರ ಸಾರ. ನಮ್ಮ ಎಷ್ಟು ಸಭೆಗಳಲ್ಲಿ ಇದನ್ನು ಓದಿ ಹೇಳಿದ್ದಾರೆ?

ಆದ್ದರಿಂದ ನನ್ನವರಿಗೆ ನನ್ನ ಬಿನ್ನಹ ಇದು. ನಿಮಗೆ ಸಿಕ್ಕಿದ್ದನ್ನು ಹೇಳಿ, ಕೇಳಿದವರಿಗೆ ಹೇಳಿ. ಕಾಯಿಲೆಯವರ ಮಂಚದ ಬಳಿ, ಹಸಿದವರ ತಟ್ಟೆಯ ಬಳಿ, ತಂದೆತಾಯಿ ಹತ್ತಿರವಿಲ್ಲದ ಮಕ್ಕಳ ಬಳಿ ಆ ಮಾತು ಎತ್ತಬೇಡಿ. ಇನ್ನೊಬ್ಬರ ದೇವರನ್ನು ಸೈತಾನ ಎನ್ನಬೇಡಿ. ನೆರೆಯವರಿಗೂ ಒಂದು ಮಾತು ಹೇಳುತ್ತೇನೆ. ಬಾಗಿಲಿಗೆ ಬಂದವರು ಬೇಡವಾದರೆ ಬೇಡವೆಂದು ನೇರವಾಗಿ ಹೇಳಿ, ಕರಪತ್ರ ಹಿಂದಕ್ಕೆ ಕೊಡಿ. ಮೋಸ, ಒತ್ತಾಯ ಕಂಡರೆ ದೂರು ಕೊಡಿ. ಅದಕ್ಕಾಗಿ ಯಾರ ಮೇಲೂ ಕೈಮಾಡಬೇಡಿ, ಯಾರ ಪ್ರಾರ್ಥನಾ ಮಂದಿರಕ್ಕೂ ಕಲ್ಲು ಹೊಡೆಯಬೇಡಿ. ಹೇಳುವ ಹಕ್ಕು ಅವರಿಗಿದೆ, ಒಲ್ಲೆ ಎನ್ನುವ ಹಕ್ಕು ನಿಮಗಿದೆ, ಒಪ್ಪಿ ಹೋಗುವ ಹಕ್ಕು ನನ್ನ ಮುತ್ತಜ್ಜನಿಗಿತ್ತು.