‘ಇನ್ನಾ ಸಣ್ಣ ಕೂಸದ, ಬಿಡ್ರಿ’ ಅನ್ನೋ ಮೊದಲು...

ಪಕ್ಕದ ಮನೆಯ ಕೂಸು ಒಂದೂವರೆ ವರ್ಷಕ್ಕೇ ‘ಅವ್ವಾ, ಬಾ’ ಅನ್ನುತ್ತದೆ. ನಿಮ್ಮದು ಎರಡು ತುಂಬಿದರೂ ಕೈ ಹಿಡಿದು ಎಳೆಯುತ್ತದೆಯೇ ಹೊರತು ಬಾಯಿ ಬಿಡದು. ಎದೆಯೊಳಗೆ ಅಳುಕು. ಅತ್ತೆಯವರಿಗೆ ಹೇಳಿದರೆ, ‘ಗಂಡುಹುಡುಗ ಅದ, ಮಾತು ತಡಾನೇ ಬರ್ತಾವ. ಇವರಪ್ಪನೂ ಮೂರು ವರ್ಷಕ್ಕ ಮಾತಾಡ್ಯಾನ’ ಅನ್ನುತ್ತಾರೆ. ನೀವು ಸುಮ್ಮನಾಗುತ್ತೀರಿ. ಆದರೆ ಅಳುಕು ಸುಮ್ಮನಾಗುತ್ತದೆಯೇ?

ಠಾಣಾ ಕುಶನೂರ ಇರಲಿ, ಭಾಲ್ಕಿ, ಔರಾದ ಇರಲಿ, ಬೀದರ್ ನಗರದ ಕಾಲೊನಿಯೇ ಇರಲಿ, ಈ ಮಾತು ಕೇಳದ ತಾಯಂದಿರು ಕಡಿಮೆ. ಹಿರಿಯರು ಅಕ್ಕರೆಯಿಂದಲೇ ಹೇಳುತ್ತಾರೆ, ಎಷ್ಟೋ ಸಲ ಅದು ನಿಜವೂ ಆಗುತ್ತದೆ. ನಿಜವಾಗದಿದ್ದರೆ ಮಾತ್ರ ಕಾದು ಕಳೆದ ವರ್ಷ ವಾಪಸ್ ಬರುವುದಿಲ್ಲ.

ಯಾಕಿಷ್ಟು ಅವಸರ?

ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇ 80ರಷ್ಟು ಬೆಳೆದಿರುತ್ತದೆ. ನೋಡಿದ್ದು, ಕೇಳಿದ್ದು, ಮುಟ್ಟಿದ್ದನ್ನೆಲ್ಲ ಅದು ಬೇಗ ಕಲಿಯುವ ಕಾಲ ಇದೇ. ಕಿವಿಯನ್ನೇ ತೆಗೆದುಕೊಳ್ಳಿ. ಕೇಳಿಸದ ಮಗು ಮಾತು ಕಲಿಯುವುದಾದರೂ ಹೇಗೆ? ಅದಕ್ಕೇ ತಜ್ಞರು ಹೇಳುವುದು: ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ಬೇರೆ ನೆರವು. ಹುಟ್ಟುವಾಗಲೇ ಪಾದ ಒಳಗೆ ತಿರುಗಿದ್ದರೂ ಹಾಗೆಯೇ. ಮೊದಲ ವಾರಗಳಲ್ಲೇ ಪ್ಲಾಸ್ಟರ್ ಹಾಕಿಸುತ್ತ ಬಂದರೆ ಬಹಳಷ್ಟು ಮಕ್ಕಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆಯೇ ಪಾದ ನೇರವಾಗುತ್ತದೆ. ತಡವಾದಷ್ಟೂ ಕಷ್ಟ ಹೆಚ್ಚು.

ಇವುಗಳನ್ನು ಗಮನಿಸಿ

* ಎರಡು–ಮೂರು ತಿಂಗಳಾದರೂ ನಿಮ್ಮ ಮುಖ ನೋಡಿ ನಗದಿದ್ದರೆ
* ನಾಲ್ಕು–ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ
* ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ
* ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗಿ ನೋಡದಿದ್ದರೆ
* ಒಂದೂವರೆ ವರ್ಷಕ್ಕೆ ನಡೆಯದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ
* ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಆಡದಿದ್ದರೆ
* ಯಾವ ವಯಸ್ಸಿನಲ್ಲಾದರೂ, ಬಂದಿದ್ದ ಮಾತು ಅಥವಾ ಆಟ ನಿಂತುಹೋದರೆ

ಇವುಗಳಲ್ಲಿ ಒಂದು ಕಂಡಿತೆಂದರೆ ದೊಡ್ಡ ತೊಂದರೆ ಇದೆ ಎಂದಲ್ಲ. ತೋರಿಸಬೇಕು, ಅಷ್ಟೇ. ಕೊನೆಯದು ಕಂಡರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.

ಮೂರು ಭಾಷೆಯ ಮನೆ

ನಮ್ಮ ಕಡೆ ಇನ್ನೊಂದು ಸಮಾಧಾನವಿದೆ. ‘ಮನ್ಯಾಗ ಮರಾಠಿ, ಓಣ್ಯಾಗ ಕನ್ನಡ, ಟಿವಿಯೊಳಗ ಹಿಂದಿ... ಕೂಸಿಗಿ ಯಾವ ಭಾಷಾ ಅಂತ ತಿಳೀವಲ್ದು’ ಅಂತ. ಗಡಿನಾಡಿನ ಮಕ್ಕಳು ತಲೆತಲಾಂತರದಿಂದ ಎರಡು–ಮೂರು ಭಾಷೆ ಕೇಳುತ್ತಲೇ ಬೆಳೆದಿದ್ದಾರಲ್ಲವೇ? ಹೆಚ್ಚು ಭಾಷೆ ಕೇಳಿದ್ದರಿಂದ ಮಾತು ನಿಂತುಹೋಗುವುದಿಲ್ಲ. ‘ಪಾಣಿ’ ಅಂದರೂ ‘ನೀರು’ ಅಂದರೂ ಲೆಕ್ಕಕ್ಕೆ ಬಂತು. ಎಲ್ಲ ಭಾಷೆಯ ಪದ ಕೂಡಿಸಿ ಎಣಿಸಿ. ಆಗಲೂ ಕಡಿಮೆ ಇದ್ದರೆ ಭಾಷೆಯ ಮೇಲೆ ತಪ್ಪು ಹೊರಿಸದೆ, ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಎಲ್ಲಿ ಹೋಗಬೇಕು?

2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದರ ಕೆಲಸ. ಈ ಯೋಜನೆಯ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಕುಶನೂರಿನ ತಾಯಿ ಅಂಗನವಾಡಿ ಕಾರ್ಯಕರ್ತೆಯನ್ನು ‘ತಂಡ ಯಾವಾಗ ಬರ್ತದರಿ?’ ಎಂದು ಕೇಳಿ, ಆ ದಿನ ಮಗುವನ್ನು ತಪ್ಪದೆ ಕರೆತಂದರೆ ಸಾಕು.

ಪೇಟೆಯ ತಾಯಂದಿರೇ, ಇಲ್ಲಿ ಎಚ್ಚರ! ನಿಮ್ಮ ಮಗು ಅಂಗನವಾಡಿಗೆ ಹೋಗದೆ ಖಾಸಗಿ ನರ್ಸರಿಗೆ ಹೋಗುತ್ತಿದ್ದರೆ ಈ ತಪಾಸಣೆಯಿಂದ ತಪ್ಪಿಹೋಗಬಹುದು. ನೀವೇ ಮಕ್ಕಳ ವೈದ್ಯರ ಬಳಿ ಹೋಗಿ ಕೇಳಬೇಕು.

ಮುಂದಿನ ಹಂತ, ಈ ಯೋಜನೆಯಡಿ ಜಿಲ್ಲಾಮಟ್ಟದಲ್ಲಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರ. ಇದನ್ನು ಡಿಇಐಸಿ ಎಂದೂ ಕರೆಯುತ್ತಾರೆ. ಮಕ್ಕಳ ವೈದ್ಯರು, ಫಿಸಿಯೊಥೆರಪಿ, ಮಾತಿನ ತರಬೇತಿ, ಕಣ್ಣು–ಕಿವಿ ಪರೀಕ್ಷೆ, ಮನಃಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಕಡೆ ಸಿಗಬೇಕೆಂಬುದು ಇದರ ಉದ್ದೇಶ, ಸೇವೆ ಉಚಿತ. ಯಾವ ತಜ್ಞರು ಯಾವ ದಿನ ಇರುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ ಬಸ್ಸಿನ ಖರ್ಚು, ಓಡಾಟ ಎರಡೂ ಉಳಿಯುತ್ತವೆ.

ಹೆಚ್ಚಿನ ತಪಾಸಣೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಆದರೆ ಬೀದರ್‌ನಿಂದ ಅವೆರಡೂ ದೂರ. ನಮಗೆ ಹತ್ತಿರದ್ದು ಸಿಕಂದರಾಬಾದ್. ಅಲ್ಲಿ ಎನ್‌ಐಇಪಿಐಡಿ ಎಂಬ ರಾಷ್ಟ್ರೀಯ ಸಂಸ್ಥೆ 1984ರಿಂದ ಬುದ್ಧಿಬೆಳವಣಿಗೆ ನಿಧಾನವಿರುವ ಮಕ್ಕಳಿಗಾಗಿ ದುಡಿಯುತ್ತಿದೆ. 2021ರಲ್ಲಿ ದೇಶದ 14 ಕಡೆ ತೆರೆದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಸಿಕಂದರಾಬಾದಿನದೂ ಒಂದು.

ಅರ್ಧ ಚಿಕಿತ್ಸೆ ಅಡುಗೆಮನೆಯಲ್ಲಿ

ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಥೆರಪಿ ಕೊಟ್ಟರಾಯಿತೇ? ಉಳಿದ ದಿನವೆಲ್ಲ ಮಗು ಇರುವುದು ನಿಮ್ಮ ಜೊತೆಗೇ. ಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಮನೆಗೆಲಸದ ನಡುವೆಯೇ ಸೇರಿಸಿ. ರೊಟ್ಟಿ ಬಡಿಯುವಾಗ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಹಿಟ್ಟು, ನೀರು, ಬಿಸಿ’ ಎಂದು ಹೇಳುತ್ತ ಹೋಗಿ. ಕೇಳುವ ಮೊದಲೇ ಹಾಲು ಕೊಡಬೇಡಿ. ‘ಹಾಲು ಬೇಕಾ, ಬಾಳೆಹಣ್ಣು ಬೇಕಾ?’ ಎಂದು ಎರಡೂ ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಸದ್ದು ಮಾಡಿದರೂ, ಕೈ ಚಾಚಿದರೂ ಅದು ಉತ್ತರವೇ. ಎರಡು ವರ್ಷದೊಳಗಿನ ಕೂಸಿನ ಕೈಗೆ ಮೊಬೈಲು ಬೇಡವೇ ಬೇಡ.

ಇನ್ನೊಂದು ಮುಖ್ಯ ಮಾತು. ತೊಂದರೆಗೆ ಒಂದು ಹೆಸರು ಹಚ್ಚುವವರೆಗೆ, ಸರ್ಟಿಫಿಕೇಟ್ ಬರುವವರೆಗೆ ಕಾಯಬೇಕಿಲ್ಲ. ಕತ್ತು ನಿಲ್ಲದ ಮಗುವಿಗೆ ಕತ್ತು ನಿಲ್ಲುವ ವ್ಯಾಯಾಮವನ್ನು ಇವತ್ತೇ ಕಲಿಯಬಹುದು. ಎಲ್ಲ ಮಕ್ಕಳೂ ಪೂರ್ತಿ ಸರಿಹೋಗುತ್ತಾರೆ ಎಂದು ಯಾರೂ ಭರವಸೆ ಕೊಡಲಾರರು. ಆದರೆ ತಾನೇ ಊಟ ಮಾಡುವುದು, ಬೇಕಾದ್ದನ್ನು ಕೇಳುವುದು, ಶಾಲೆಯ ಬೆಂಚಿನಲ್ಲಿ ಕೂರುವುದು ಸಣ್ಣ ಸಂಗತಿಗಳೇನು?

‘ಬಸುರಿದ್ದಾಗ ಗ್ರಹಣದಾಗ ಹೊರಗ ಹೋಗಿದ್ಲು’ ಎನ್ನುವವರಿಗೆ ಉತ್ತರ ಕೊಡುತ್ತ ಕೂರಬೇಡಿ. ಆ ಹೊತ್ತು ಮಗುವಿಗಿರಲಿ. ಆಸ್ಪತ್ರೆಗೆ ಹೋಗುವಾಗ ಮನೆಯವರನ್ನೂ, ಆದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ವೈದ್ಯರ ಬಾಯಿಂದಲೇ ಕೇಳಿದರೆ ಮನೆಯಲ್ಲಿ ನಿಮ್ಮ ಕೆಲಸ ಹಗುರಾಗುತ್ತದೆ. ಬೀರುವಿನಲ್ಲಿಟ್ಟ ತಾಯಿ ಕಾರ್ಡ್ ತೆಗೆದು, ಲಸಿಕೆಯ ಪುಟದ ಜೊತೆಗೆ ಬೆಳವಣಿಗೆಯ ಪುಟವನ್ನೂ ಒಮ್ಮೆ ಓದಿ. ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಾರೀಕು ಹಾಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.